ಹುಳದ ಮನೆಯ ತಂಪು

ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಕೋಣೆ ಮನುಷ್ಯರದ್ದಲ್ಲ, ರೇಷ್ಮೆ ಹುಳುಗಳದ್ದು. ಊರು ದೇವನಹಳ್ಳಿಯ ಆಚೆ, ಎತ್ತಿನ ಗಾಡಿಯಲ್ಲಿ ಹೊರಟರೆ ಒಂದು ಬೆಳಗು ಹಿಡಿಯುವಷ್ಟು ದೂರ. ಮನೆ ಮಣ್ಣಿನ ಮಾಳಿಗೆಯದು. ಬಾಗಿಲು ದಾಟಿದೊಡನೆ ಎಡಕ್ಕೆ ಎತ್ತುಗಳು, ಹಸು, ಒಂದು ಎಮ್ಮೆ, ಬಲಕ್ಕೆ ಜಗಲಿ, ನಡುವೆ ಕಲ್ಲು ಕಂಬಗಳ ನಡುಮನೆ, ಅದರ ಪಡುವಣ ಮಗ್ಗುಲಿಗೆ ಅಡುಗೆಮನೆ, ಬಚ್ಚಲು, ಇವೆರಡರ ನಡುವೆ ಸಿಕ್ಕಿಕೊಂಡಂತೆ ಒಂದು ಸಣ್ಣ ಕೋಣೆ. ಬಡಗಣ ಮೂಲೆಯಲ್ಲಿತ್ತು ಹುಳದ ಮನೆ. ಅದರ ಗೋಡೆ ಎಷ್ಟು ದಪ್ಪವೆಂದರೆ ಕಿಟಕಿಯ ಗೂಡಿನಲ್ಲಿ ನಾನು ಕಾಲು ಮಡಚಿ ಕುಳಿತುಕೊಳ್ಳಬಹುದಿತ್ತು. ನೆಲಕ್ಕೆ ಹೊಳೆಯ ಮರಳು ಹಾಸಿ ಹೊತ್ತು ಹೊತ್ತಿಗೆ ನೀರು ಚಿಮುಕಿಸುತ್ತಿದ್ದರು. ಕಿಟಕಿಗೆ, ಬಾಗಿಲಿಗೆ ಗೋಣಿತಾಟು ತೂಗುಬಿಟ್ಟು ಅದನ್ನೂ ನೆನೆಸುತ್ತಿದ್ದರು. ಬಿದಿರಿನ ದೊಡ್ಡ ತಟ್ಟೆಗಳು ಅಟ್ಟಣಿಗೆಯ ಮೇಲೆ ಒಂದರ ಮೇಲೊಂದು. ಅವುಗಳ ತುಂಬ ಹಿಪ್ಪುನೇರಳೆ ಸೊಪ್ಪು, ಸೊಪ್ಪಿನ ತುಂಬ ಹುಳು. ಅಪ್ಪನ ತಾಯಿ, ನಮ್ಮಜ್ಜಿ, ಆ ಕೋಣೆಯ ಒಡತಿ. ಬೇರೆ ಕಡೆ ದನಿ ಎತ್ತಿ ಮಾತಾಡುವವಳು ಅಲ್ಲಿ ಮಾತ್ರ ಮೆಲ್ಲಗೆ ಮಾತಾಡುತ್ತಿದ್ದಳು. ಮೀಯದೆ ಯಾರೂ ಒಳಗೆ ಕಾಲಿಡುವಂತಿರಲಿಲ್ಲ. ಹೊರಗಾದವರು, ಸಾವಿನ ಮನೆಗೆ ಹೋಗಿ ಬಂದವರು, ಹೆರಿಗೆಯ ಮೈಲಿಗೆ ಇದ್ದವರು ಆ ಹೊಸಿಲ ಹತ್ತಿರವೂ ಸುಳಿಯಬಾರದು. ಹುಳುಗಳಿಗೆ ಮೈಲಿಗೆ ತಾಗಿದರೆ ರಾತ್ರಿ ಕಳೆಯುವುದರೊಳಗೆ ಕಪ್ಪಾಗಿ ಸಾಯುತ್ತವೆ ಎಂದು ಅವಳು ನಂಬಿದ್ದಳು, ಊರೇ ನಂಬಿತ್ತು.

ಯುದ್ಧದ ಕಾಲ. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಪ್ಯಾರಾಚೂಟಿಗೆಂದು ರೇಷ್ಮೆಗೆ ಮಾತ್ರ ಎಲ್ಲಿಲ್ಲದ ಬೇಡಿಕೆ. ಅದಕ್ಕೆಂದೇ ಬೇಸಿಗೆಯಲ್ಲಿ ಹುಳು ಇಡದ ಅಜ್ಜಿ ಆ ವರ್ಷ ಇಟ್ಟಿದ್ದಳು. ಇಟ್ಟ ಮೇಲೆ ಗೊತ್ತಾಯಿತು, ಅಂಥ ಬೇಸಿಗೆಯನ್ನು ಅವಳೂ ಕಂಡಿರಲಿಲ್ಲವೆಂದು. ಯುಗಾದಿ ಕಳೆದರೂ ಒಂದು ಹನಿ ಬೀಳಲಿಲ್ಲ. ಬೇರೆ ದಿನಗಳಲ್ಲಿ ಕೈಚಾಚಿದರೆ ಸಿಗುವಂತೆ ಕಾಣುತ್ತಿದ್ದ ನಂದಿಬೆಟ್ಟ ಝಳದಲ್ಲಿ ಕರಗಿಹೋಗಿ, ಅದಿದ್ದ ಜಾಗದಲ್ಲಿ ಬೆಳ್ಳಗಿನ ಆಕಾಶ ಮಾತ್ರ ಅಲುಗಾಡುತ್ತಿತ್ತು. ಬಾವಿಯ ನೀರು ತಳಕ್ಕಿಳಿದು, ಅಪ್ಪ ಕೋಳಿ ಕೂಗುವ ಮೊದಲೇ ಎತ್ತು ಹೂಡಿ ನೀರೆತ್ತುವ ಕಪಿಲೆ ಹೊಡೆದರೆ ಬಿಸಿಲೇರುವ ಹೊತ್ತಿಗೆ ಚರ್ಮದ ಬಾನೆಯಲ್ಲಿ ಕೆಸರು ಬರುತ್ತಿತ್ತು. ಅಷ್ಟು ನೀರನ್ನೇ ಹಿಪ್ಪುನೇರಳೆಗೆ ಬಿಟ್ಟು ಬರುತ್ತಿದ್ದ. ನಮ್ಮ ದಿನಚರಿಯೇ ತಿರುಗುಮುರುಗಾಯಿತು. ಬೆಳಕು ಹರಿಯುವ ಮುಂಚೆ ಅಮ್ಮ ಒಲೆಯ ಕೆಲಸ ಮುಗಿಸುತ್ತಿದ್ದಳು. ಹಗಲಿಗೆ ರಾಗಿ ಅಂಬಲಿ, ಮಜ್ಜಿಗೆ, ಕಚ್ಚಿಕೊಳ್ಳಲು ಈರುಳ್ಳಿ. ಬಿಸಿಲಿನಿಂದ ಬಂದವರಿಗೆ ಅಜ್ಜಿ ಥಟ್ಟನೆ ನೀರು ಕೊಡುತ್ತಿರಲಿಲ್ಲ. ಜಗಲಿಯಲ್ಲಿ ಕೂರಿಸಿ, ಬೆವರು ಆರಿದ ಮೇಲೆ ಒಂದು ಚೂರು ಬೆಲ್ಲ ಕೊಟ್ಟು ಆಮೇಲೆ ಚೆಂಬು ಕೊಡುತ್ತಿದ್ದಳು. ಅಪ್ಪ ಹೊಂಗೆಯ ಕೊಂಬೆ ಕಡಿದು ತಂದು ಮಾಳಿಗೆಯ ಮೇಲೆಲ್ಲ ಹರಡಿದ್ದ. ಊರೆಲ್ಲ ಸುಟ್ಟುಹೋಗಿದ್ದಾಗ ಹೊಂಗೆಯೊಂದೇ ಎಳೆಹಸಿರು ಚಿಗುರಿ ನಿಂತಿತ್ತು. ನಾವು ಮಕ್ಕಳು ಬಾವಿಗೆ ಹೋಗುವಾಗ ಅದೇ ಎಲೆಗಳನ್ನು ಅಂಗಾಲಿಗೆ ಬಾಳೆನಾರಿನಲ್ಲಿ ಕಟ್ಟಿಕೊಂಡು, ಒಂದು ನೆರಳಿಂದ ಇನ್ನೊಂದು ನೆರಳಿಗೆ ಓಡುತ್ತಿದ್ದೆವು.

ಆ ಬೇಸಿಗೆಯಲ್ಲೇ ನಂಜತ್ತೆ ಚೊಚ್ಚಲ ಹೆರಿಗೆಗೆ ಬಂದದ್ದು. ನಂಜತ್ತೆ ಅಪ್ಪನ ತಂಗಿ, ಅಜ್ಜಿಗೆ ಉಳಿದಿದ್ದ ಒಬ್ಬಳೇ ಮಗಳು. ಅವಳನ್ನು ಕೊಟ್ಟಿದ್ದು ಹೊಸಕೋಟೆ ಕಡೆಯ ಅನುಗೊಂಡನಹಳ್ಳಿಗೆ. ಬಿಸಿಲಿಗೆ ಹೆದರಿ ಅಪ್ಪ ತಂಗಿಯನ್ನು ಕಮಾನು ಗಾಡಿಯಲ್ಲಿ ಒದ್ದೆ ಹುಲ್ಲಿನ ಮೇಲೆ ಕೂರಿಸಿ, ಹಗಲು ತೋಪುಗಳಲ್ಲಿ ಇಳಿದುಕೊಂಡು, ತಂಪು ಹೊತ್ತಿನಲ್ಲಿ ಮಾತ್ರ ಗಾಡಿ ಹೊಡೆದುಕೊಂಡು ಕರೆತಂದಿದ್ದ. ಅವಳಿಗೆ ಆಗ ಹದಿನೆಂಟೋ ಹತ್ತೊಂಬತ್ತೋ ಇರಬೇಕು, ನನಗೆ ಎಂಟು. ಮನೆಯಲ್ಲಿ ನನ್ನನ್ನು ಮಾತಾಡಿಸಲೆಂದೇ ಮಾತಾಡಿಸುತ್ತಿದ್ದವಳು ಅವಳೊಬ್ಬಳೇ. ಉಳಿದವರೆಲ್ಲ ಕೆಲಸ ಹೇಳಲು ಕರೆಯುತ್ತಿದ್ದರು. ಮಧ್ಯಾಹ್ನ ಎಲ್ಲರೂ ನಡುಮನೆಯಲ್ಲಿ ಒರಗಿದಾಗ ಅವಳು ನೀರಿನ ಗುಡಾಣಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಗುಡಾಣದ ಒದ್ದೆ ಅವಳ ಕುಪ್ಪಸಕ್ಕೆ ಇಳಿಯುತ್ತಿತ್ತು. ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸಿಕ್ಕು ಬಿಡಿಸುತ್ತ, ಅವಳ ಗಂಡನ ಊರಿನಲ್ಲಿ ಮಾತಿನ ನಡುವೆ ತೆಲುಗು ಹೇಗೆ ನುಸುಳುತ್ತದೆ, ಅತ್ತೆ ಯಾವುದಕ್ಕೆ ಸಿಡುಕುತ್ತಾಳೆ, ಮಾವ ಕದ್ದು ಹೇಗೆ ಬೆಲ್ಲ ತಿನ್ನುತ್ತಾನೆ ಎಂದೆಲ್ಲ ಅಣಕ ಮಾಡಿ ತೋರಿಸುತ್ತಿದ್ದಳು. ನಗು ತಡೆಯಲಾರದೆ ನಾವಿಬ್ಬರೂ ಅವಳ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದೆವು.

ಹೆಣ್ಣು ಮಗು ಹುಟ್ಟಿತು. ಹೆರಿಗೆ ಸಲೀಸಾಗಿ ಆಯಿತೆಂದು ಸೂಲಗಿತ್ತಿ ಎಲೆ ಅಡಿಕೆ ಹಾಕಿಕೊಂಡು ಹೋದಳು. ಅದಾದ ಮೇಲೆ ಅತ್ತೆಯನ್ನು ಅಡುಗೆಮನೆಗೂ ಬಚ್ಚಲಿಗೂ ನಡುವೆ ಇದ್ದ ಕೋಣೆಗೆ ಸೇರಿಸಿದರು. ನಮ್ಮಲ್ಲಿ ಬಾಣಂತಿಯನ್ನು ಇಡುತ್ತಿದ್ದುದೇ ಅಲ್ಲಿ. ಒಂದು ಕಡೆ ಒಲೆ, ಇನ್ನೊಂದು ಕಡೆ ನೀರು ಕಾಯಿಸುವ ಹಂಡೆ, ಹಿಂದಿನ ಗೋಡೆಗೆ ಮಧ್ಯಾಹ್ನದಿಂದ ಸಂಜೆಯವರೆಗೆ ಪಡುವಣ ಬಿಸಿಲು. ಇದ್ದ ಒಂದು ಬೆಳಕಿಂಡಿಗೂ ಅಜ್ಜಿ ಬಟ್ಟೆ ತುರುಕಿದ್ದಳು. ಹಗ್ಗದ ಮಂಚದ ಕೆಳಗೆ ಅಗ್ಗಿಷ್ಟಿಕೆ. ಅದರಲ್ಲಿ ಕೆಂಡ ಆರುವಂತಿಲ್ಲ. ಅತ್ತೆಯ ಕಿವಿಗೆ ಹತ್ತಿ, ತಲೆಗೆ ಉಣ್ಣೆಯ ಬಟ್ಟೆ, ಮೈಮೇಲೆ ಕಂಬಳಿ. ಊಟಕ್ಕೆ ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪದನ್ನ. ನೀರು ಮಾತ್ರ ಕುದಿಸಿದ್ದು, ಅದೂ ಗಂಟಲು ಒದ್ದೆಯಾಗುವಷ್ಟೇ. ಮಗುವನ್ನು ಹಳೆ ಸೀರೆಯಲ್ಲಿ ಮೂಗೊಂದು ಬಿಟ್ಟು ಸುತ್ತಿಡುತ್ತಿದ್ದರು.

ಅಜ್ಜಿ ಕಲ್ಲೆದೆಯವಳಾಗಿದ್ದಕ್ಕೆ ಹೀಗೆ ಮಾಡುತ್ತಿದ್ದಳೆಂದು ಯಾರೂ ತಿಳಿಯಬಾರದು. ಅವಳ ಮೊದಲ ಮಗಳು, ನಾನು ಕಾಣದ ನನ್ನ ದೊಡ್ಡತ್ತೆ, ಅದೇ ಕೋಣೆಯಲ್ಲಿ ಬಾಣಂತನದಲ್ಲಿ ತೀರಿಹೋಗಿದ್ದಳು. ಅದು ಜಡಿಮಳೆಯ ಕಾಲವಂತೆ. ಸೌದೆಯೆಲ್ಲ ನೆನೆದು ಕೆಂಡ ಹಿಡಿಯದೆ, ಬಾಗಿಲ ಸಂದಿಯಿಂದ ಥಂಡಿ ಗಾಳಿ ನುಗ್ಗಿ, ಮೊದಲು ಪಾದ ತಣ್ಣಗಾಯಿತು, ಆಮೇಲೆ ಸನ್ನಿ ಹಿಡಿಯಿತು, ಬೆಳಗಾಗುವುದರಲ್ಲಿ ಹೋದಳು ಎಂದು ಅಜ್ಜಿ ಹೇಳುತ್ತಿದ್ದಳು. ಅಂದಿನಿಂದ ಅವಳ ಲೆಕ್ಕದಲ್ಲಿ ಬಾಣಂತಿಗೆ ಲೋಕದಲ್ಲಿ ಇದ್ದ ಶತ್ರು ಒಂದೇ, ಅದು ತಂಪು. ಹೊರಗೆ ಆಕಾಶವೇ ಕಾದ ಕಾವಲಿಯಾಗಿದ್ದರೂ ಆ ಲೆಕ್ಕ ಬದಲಾಗಲಿಲ್ಲ. ಬೆಳಿಗ್ಗೆ ಮಗಳಿಗೆ, ಮೊಮ್ಮಗಳಿಗೆ ಸುಡುನೀರು ಎರೆದು, ಕೆಂಡ ಹಾಕಿ, ಆಮೇಲೆ ತಾನು ಮಿಂದು ಮಡಿಯಾಗಿ ಹುಳದ ಮನೆ ಸೇರುತ್ತಿದ್ದಳು. ಉಳಿದ ಹೊತ್ತು ಬಾಣಂತಿಯನ್ನು ನೋಡಿಕೊಳ್ಳುವುದು ಅಮ್ಮನ ಪಾಲು. ಹಾಗಾಗಿ ಅಮ್ಮನಿಗೆ ಹುಳದ ಮನೆ ನಿಷಿದ್ಧವಾಯಿತು.

ಎರಡು ಕಡೆಯೂ ಓಡಾಡುತ್ತಿದ್ದವಳು ನಾನೊಬ್ಬಳೇ. ಮಕ್ಕಳಿಗೆ ಅಷ್ಟು ಮೈಲಿಗೆ ಇಲ್ಲವೆಂದು ಅಜ್ಜಿ ಅರಿಶಿನದ ನೀರು ಚಿಮುಕಿಸಿ ನನ್ನನ್ನು ಒಳಗೆ ಬಿಡುತ್ತಿದ್ದಳು. ಗೋಣಿತಾಟು ನೆನೆಸುವುದು ನನ್ನ ಕೆಲಸ. ಹುಳದ ಮನೆಯಲ್ಲಿ ಒದ್ದೆ ಮರಳಿಗೆ ಕಾಲಿಟ್ಟರೆ ಹಿಮ್ಮಡಿಯಿಂದ ನೆತ್ತಿಯವರೆಗೆ ಹಾಯೆನಿಸುತ್ತಿತ್ತು. ಅಲ್ಲಿಂದ ನಡುಮನೆ ದಾಟಿ ಬೀಸಣಿಗೆ ಹಿಡಿದು ಅತ್ತೆಯ ಕೋಣೆಗೆ ಹೋದರೆ ಬಾಗಿಲಲ್ಲೇ ಉಸಿರು ಕಟ್ಟುತ್ತಿತ್ತು. ಹೊಗೆ, ಬೆಳ್ಳುಳ್ಳಿ, ಬೆವರು, ಹಾಲು ಎಲ್ಲ ಬೆರೆತ ಕಾವು ಮುಖಕ್ಕೆ ಹೊಡೆಯುತ್ತಿತ್ತು. ಮೊದಮೊದಲು ಅತ್ತೆ ಅಲ್ಲೂ ತಮಾಷೆ ಮಾಡುತ್ತಿದ್ದಳು. ತನ್ನನ್ನು ಅವ್ವ ಹಪ್ಪಳದ ಹಾಗೆ ಸುಡುತ್ತಿದ್ದಾಳೆ ಎನ್ನುತ್ತಿದ್ದಳು. ಬರಬರುತ್ತ ಮಾತು ಕಡಿಮೆಯಾಯಿತು. ಕುತ್ತಿಗೆ, ಬೆನ್ನು, ಕಂಕುಳು ತುಂಬ ಬೆವರುಸಾಲೆ ಎದ್ದು ಕೆಂಪಗಾಯಿತು. ಹಾಲು ಇಳಿಯುತ್ತಿಲ್ಲ ಎಂದು ಅಮ್ಮನ ಹತ್ತಿರ ಪಿಸುಗುಟ್ಟಿದ್ದು ನನಗೆ ಕೇಳಿಸಿತು.

ಅಮ್ಮ ಅಜ್ಜಿಯ ಎದುರು ನಿಂತು ಮಾತಾಡಿದವಳಲ್ಲ. ಮದುವೆಯಾಗಿ ಬಂದ ದಿನದಿಂದ ತಲೆ ಬಗ್ಗಿಸಿ ಕೆಲಸ ಮಾಡಿಕೊಂಡು ಬಂದವಳು. ಆದರೆ ಆ ದಿನಗಳಲ್ಲಿ ಅವಳು ಮಾಡುತ್ತಿದ್ದುದನ್ನು ನಾನು ಕಂಡಿದ್ದೇನೆ. ಅಜ್ಜಿ ಹುಳದ ಮನೆಗೆ ಹೋದೊಡನೆ ಅಗ್ಗಿಷ್ಟಿಕೆಯ ಕೆಂಡದ ಮೇಲೆ ಬೂದಿ ಮುಚ್ಚುತ್ತಿದ್ದಳು. ಅಜ್ಜಿ ಬರುವ ಸದ್ದಾದರೆ ಊದಿ ಕೆಂಪಗೆ ಮಾಡುತ್ತಿದ್ದಳು. ಬೆಳಕಿಂಡಿಯ ಬಟ್ಟೆಯನ್ನೂ ಹಾಗೆಯೇ ಎಳೆದು ಮತ್ತೆ ತುರುಕುತ್ತಿದ್ದಳು. ನೀರು ಕೊಡಲು ಮಾತ್ರ ಅವಳಿಗೂ ಧೈರ್ಯ ಸಾಲುತ್ತಿರಲಿಲ್ಲ, ಏಕೆಂದರೆ ದೊಡ್ಡತ್ತೆ ಹೋದ ಬೆಳಗನ್ನು ಅವಳೂ ಕಂಡಿದ್ದಳು. ಒಂದು ದಿನ ಅಪ್ಪನ ಕೈಲಿ ಹೇಳಿಸಿ ನೋಡಿದಳು. ಅಪ್ಪ ಅಂಬಲಿ ಕುಡಿಯುತ್ತ, ಕಂಬಳಿಯನ್ನಾದರೂ ತೆಗೆಯಬಾರದೇ ಎಂದು ಅಜ್ಜಿಯನ್ನು ಕೇಳಿದ. ಅಜ್ಜಿ ಅವನ ಕಡೆ ತಿರುಗಲಿಲ್ಲ.

"ಒಬ್ಬಳನ್ನ ಕಳ್ಕಂಡಿದ್ದೀನಿ ಕಣಪ್ಪ. ಇವ್ಳ ವಿಷ್ಯಕ್ಕೆ ಬರಬ್ಯಾಡ."

ಅಪ್ಪ ಚೆಂಬು ಕೆಳಗಿಟ್ಟು ಹೊರಗೆ ಹೋದ.

ಒಂದು ಮಧ್ಯಾಹ್ನ ಬಿಸಿಗಾಳಿ ಎದ್ದಿತು. ಅಂಗಳದ ಧೂಳು ಸುರುಳಿ ಸುತ್ತಿ ನಡುಮನೆಗೇ ನುಗ್ಗಿತು. ಎಮ್ಮೆ ನಾಲಿಗೆ ಹೊರಗೆ ಹಾಕಿ ತೇಕುತ್ತಿತ್ತು. ಮಾಳಿಗೆಯ ತೊಲೆಗಳಿಂದ ಗುಬ್ಬಚ್ಚಿಯ ಮರಿಯೊಂದು ಬಾಯಿ ತೆರೆದುಕೊಂಡೇ ಕೆಳಗೆ ಬಿತ್ತು. ಅಪ್ಪ ಬಾವಿಯ ಹೂಳು ತೆಗೆಯಲು ಹೋಗಿದ್ದ. ನಾನು ಬೀಸಣಿಗೆ ಹಿಡಿದು ಅತ್ತೆಯ ಪಕ್ಕ ಕುಳಿತಿದ್ದೆ. ಅವಳು ಕಣ್ಣು ಅರ್ಧ ಮುಚ್ಚಿ ಏನೋ ಗೊಣಗುತ್ತಿದ್ದಳು. ಹಣೆ ಮುಟ್ಟಿದರೆ ಬೆವರೂ ಇರಲಿಲ್ಲ, ಒಣಗಿ ಸುಡುತ್ತಿತ್ತು. ಮಗು ಬೆಳಗಿನಿಂದ ಸಣ್ಣಗೆ ಅಳುತ್ತಲೇ ಇತ್ತು. ಬೀಸುತ್ತ ಬೀಸುತ್ತ ನನಗೆ ಏನೋ ಕೊರತೆಯಾದಂತೆ ಅನ್ನಿಸಿತು. ಅಳು ನಿಂತುಹೋಗಿತ್ತು. ಬಟ್ಟೆ ಸರಿಸಿ ನೋಡಿದೆ. ತುಟಿ ಬಿರಿದು ಸಿಪ್ಪೆ ಎದ್ದಿತ್ತು, ನೆತ್ತಿಯ ಮೆತ್ತನೆಯ ಜಾಗ ಒಳಕ್ಕೆ ಹೋಗಿತ್ತು. ಎದ್ದು ಓಡಿ ಅಮ್ಮನ ಸೆರಗು ಎಳೆದೆ. ಅಮ್ಮ ಬಂದು ಮಗುವನ್ನು ಎತ್ತಿ, ಕೆನ್ನೆ ತಟ್ಟಿ, ಅತ್ತೆಯ ಎದೆಗೆ ಹಿಡಿದಳು. ಅದು ಬಾಯಿ ತೆರೆಯಲಿಲ್ಲ. ಅಮ್ಮ ಸುತ್ತಿದ ಬಟ್ಟೆಯನ್ನೆಲ್ಲ ಬಿಚ್ಚಿ ನೆಲಕ್ಕೆಸೆದು, ಬತ್ತಲೆ ಮಗುವನ್ನು ತೋಳಿನ ಮೇಲೆ ಹಾಕಿಕೊಂಡು ನಡುಮನೆ ದಾಟಿ ಹುಳದ ಮನೆಯ ಕಡೆ ನಡೆದಳು. ನಾನು ಅವಳ ಹಿಂದೆ.

ಅಜ್ಜಿ ಸೊಪ್ಪಿನ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಮೇಲಿನ ತಟ್ಟೆಗೆ ಸೊಪ್ಪು ಹರಡುತ್ತಿದ್ದಳು. ಗೋಣಿತಾಟು ಸರಿಸಿ ಅಮ್ಮ ಹೊಸಿಲ ಮೇಲೆ ನಿಂತದ್ದನ್ನು ಕಂಡು ಅವಳ ಕೈ ನಿಂತಿತು.

"ಒಳೀಕ್ ತರಬ್ಯಾಡ ಲಕ್ಷ್ಮಿ. ಹುಳ ಐತೆ."

"ಮಗು ಅಳ್ತಾ ಇಲ್ಲ ಅತ್ತೆಮ್ಮ. ಮೊಲೇನೂ ಹಿಡೀತಿಲ್ಲ."

ಅಮ್ಮನ ದನಿ ಏರಿರಲಿಲ್ಲ. ಉಪ್ಪು ಮುಗಿದಿದೆ, ತರಬೇಕು ಎನ್ನುವಾಗ ಹೇಗೆ ಮಾತಾಡುತ್ತಿದ್ದಳೋ ಹಾಗೇ ಇತ್ತು.

"ಹುಳ ಹೋದ್ರೆ ಇನ್ನೊಂದ್ ಬೆಳೆ ತೆಗೀಬೋದು. ಇದು ಹೋದ್ರೆ ನಂಜಮ್ಮಂಗೆ ಏನ್ ಹೇಳೋಣ?"

ಹೇಳಿ, ಅಜ್ಜಿಯ ಉತ್ತರಕ್ಕೆ ಕಾಯದೆ ಹೊಸಿಲು ದಾಟಿದಳು. ಒದ್ದೆ ಮರಳಿನ ಮೇಲೆ ಕುಳಿತು, ಸೆರಗಿನ ತುದಿಯನ್ನು ಗೋಣಿತಾಟಿನಿಂದ ಸುರಿಯುತ್ತಿದ್ದ ನೀರಿಗೆ ಹಿಡಿದು ಮಗುವಿನ ಮೈ ಒರೆಸತೊಡಗಿದಳು. ನಾನು ಆವತ್ತಿನವರೆಗೆ ಧೈರ್ಯವಂತರೆಂದರೆ ಜೋರಾಗಿ ಮಾತಾಡುವವರು ಎಂದುಕೊಂಡಿದ್ದೆ. ಮುಂದೆ ನನ್ನ ಬದುಕಿನಲ್ಲಿ ಹೆದರುತ್ತ ಹೆದರುತ್ತಲೇ ಒಂದು ಹೊಸಿಲು ದಾಟಬೇಕಾಗಿ ಬಂದಾಗಲೆಲ್ಲ ನನಗೆ ನೆನಪಾಗುವುದು ಅಮ್ಮನ ಆ ನಡಿಗೆ, ಮರಳಿನ ಮೇಲೆ ಮೂಡಿದ ಅವಳ ಹೆಜ್ಜೆ.

ಅಜ್ಜಿ ಬುಟ್ಟಿ ಕೆಳಗಿಟ್ಟಳು. ಬಂದು ಬಗ್ಗಿ ಮಗುವಿನ ನೆತ್ತಿಯ ಮೇಲೆ ಅಂಗೈ ಇಟ್ಟಳು. ಆ ತಗ್ಗು ಅವಳ ಕೈಗೆ ತಿಳಿದಿರಬೇಕು. ಕೈ ಹಿಂದಕ್ಕೆ ಎಳೆದುಕೊಂಡಳು. ನಂಜಿ ಹೇಗಿದ್ದಾಳೆ ಎಂದು ಕೇಳಿದಳು. ಮೈ ಸುಡುತ್ತಿದೆ, ನೀರು ನೀರು ಎನ್ನುತ್ತಿದ್ದಾಳೆ ಎಂದಳು ಅಮ್ಮ. ಅಜ್ಜಿ ಅತ್ತೆಯ ಕೋಣೆಗೆ ಹೊರಟಳು, ನಾನೂ ಹಿಂದೆ ಹೋದೆ. ಅವಳು ಮತ್ತೆ ಕೆಂಡ ಹಾಕಲು ಹೋಗುತ್ತಿದ್ದಾಳೋ ಏನೋ ಎಂದು ನನಗೆ ಭಯ. ಅವಳು ಮೊದಲು ಮಾಡಿದ ಕೆಲಸವೆಂದರೆ ಅಗ್ಗಿಷ್ಟಿಕೆಯನ್ನು ಬರಿಗೈಯಲ್ಲಿ ಎಳೆದು ಬಚ್ಚಲಿಗೆ ಸುರಿದದ್ದು. ಕೆಂಡ ಚೊಯ್ಯೆಂದು ಆರಿತು. ಕಂಬಳಿ ತೆಗೆದಳು, ತಲೆಯ ಉಣ್ಣೆ ಬಿಚ್ಚಿದಳು. ಮಗಳ ಕಂಕುಳಿಗೆ ತೋಳು ಕೊಟ್ಟು ಎಬ್ಬಿಸಿ, ತನ್ನ ಮೈಗೆ ಒರಗಿಸಿಕೊಂಡು, ಹೆಜ್ಜೆ ಹೆಜ್ಜೆಗೂ ನಿಂತು ನಿಂತು ನಡುಮನೆ ದಾಟಿಸಿ ಹುಳದ ಮನೆಗೆ ನಡೆಸಿಕೊಂಡು ಬಂದಳು. ಮರಳಿನ ಮೇಲೆ ಚಾಪೆ ಹಾಸಲು ನನಗೆ ಹೇಳಿದಳು. ಗುಡಾಣದಿಂದ ನೀರನ್ನು ತಾನೇ ಬಗ್ಗಿಸಿ ತಂದಳು. ಅತ್ತೆಯ ತುಟಿಗೆ ಚೆಂಬು ಹಿಡಿಯುವ ಮುನ್ನ ಅವಳು ಅಮ್ಮನ ಮುಖವನ್ನು ನೋಡಿದಳು. ಅಷ್ಟು ದೊಡ್ಡವಳು, ಕೊಡಲೇ ಎಂದು ಕೇಳುವವಳ ಹಾಗೆ ನೋಡಿದಳು. ಅಮ್ಮ ತಲೆಯಾಡಿಸಿದಳು. ಗುಟುಕು ಗುಟುಕಾಗಿ ಅತ್ತೆ ಚೆಂಬು ಬರಿದು ಮಾಡಿದಳು. ಇನ್ನೊಂದು ಕೇಳಿದಳು. ಕೊಟ್ಟರು.

ಆಮೇಲೆ ಅಜ್ಜಿ ಮಗಳ ಕಾಲ ಬಳಿ ಕುಳಿತುಬಿಟ್ಟಳು. ಅತ್ತೆಯ ಎರಡೂ ಪಾದಗಳನ್ನು ಅಂಗೈಗಳಲ್ಲಿ ಹಿಡಿದುಕೊಂಡಳು. ಸುಮ್ಮನೆ ಹಿಡಿದಿದ್ದಳು, ಒತ್ತುತ್ತಿರಲಿಲ್ಲ, ತಿಕ್ಕುತ್ತಿರಲಿಲ್ಲ. ಅದೇಕೆಂದು ನನಗೆ ಆಗ ತಿಳಿಯಲಿಲ್ಲ. ನಾನೇ ತಾಯಿಯಾದ ಮೇಲೆ ಹೊಳೆಯಿತು: ದೊಡ್ಡತ್ತೆಯ ಪಾದದಂತೆ ಇವೂ ತಣ್ಣಗಾಗುತ್ತವೆಯೋ ಎಂದು ಕಾಯುತ್ತಿದ್ದಳು. ಅಮ್ಮ ಒದ್ದೆ ಬಟ್ಟೆಯಿಂದ ಅತ್ತೆಯ ಹಣೆ, ಕುತ್ತಿಗೆ ಒರೆಸುತ್ತ, ಕಾಯಿಸಿ ಆರಿಸಿದ ನೀರಿಗೆ ಬೆಲ್ಲ ಕದಡಿ ಬಟ್ಟೆಯ ಬತ್ತಿ ಅದ್ದಿ ಮಗುವಿನ ನಾಲಿಗೆಗೆ ಹನಿಸುತ್ತ ಇದ್ದಳು. ನಾನು ಗೋಣಿತಾಟು ಒಣಗಲು ಬಿಡದೆ ನೀರು ಹೊಯ್ದೆ. ಬಾವಿಯಿಂದ ಬಂದ ಅಪ್ಪ ಒಳಗೆ ಇಣುಕಿ ನೋಡಿ, ಮತ್ತೆರಡು ಕೊಡ ನೀರು ತಂದು ಬಾಗಿಲಲ್ಲಿಟ್ಟ. ಅಜ್ಜಿ ಊಟಕ್ಕೆ ಏಳಲಿಲ್ಲ. ಬಿಸಿಗಾಳಿ ಹೊರಗೆ ಬಾಗಿಲು ಬಡಿಯುತ್ತಲೇ ಇತ್ತು.

ಬಿಸಿಲು ಇಳಿಯುವ ಹೊತ್ತಿಗೆ ಅತ್ತೆಯ ಹಣೆಯಲ್ಲಿ ಬೆವರೊಡೆಯಿತು. ಸ್ವಲ್ಪ ಹೊತ್ತು ನಿದ್ದೆ ಮಾಡಿದಳು. ಕಣ್ಣು ತೆರೆದಾಗ ಎಲ್ಲಿದ್ದೇನೆಂದು ಅವಳಿಗೆ ಗೊತ್ತಾಗಲಿಲ್ಲ. ಮಬ್ಬು ಬೆಳಕು, ಒದ್ದೆ ಮಣ್ಣಿನ ವಾಸನೆ, ಸುತ್ತಲೂ ಸಣ್ಣಗೆ ಪಟಪಟ ಸದ್ದು. ಅವಳು ಹಾಗೇ ಆಲಿಸುತ್ತ ಮಲಗಿದ್ದಳು.

"ಅವ್ವ, ಮಳೆ ಬತ್ತೈತಾ?"

ಅದು ಹುಳು ಸೊಪ್ಪು ತಿನ್ನುವ ಸದ್ದು. ದೊಡ್ಡವಾದ ಹುಳುಗಳು ಹಸಿದು ತಿನ್ನುವಾಗ ಹಾಗೇ ಕೇಳಿಸುತ್ತದೆ. ಅಜ್ಜಿ ಮಗಳ ಪಾದವನ್ನು ಬಿಡದೆ, ಹೂಂ ಬತ್ತೈತೆ, ಮಲಕ್ಕೊ ಎಂದಳು. ಆಗಲೇ ಮಗು ಅಮ್ಮನ ತೊಡೆಯ ಮೇಲೆ ಮುಖ ಸಿಂಡರಿಸಿ, ಒಡಕು ದನಿಯಲ್ಲಿ ಒಂದು ಸಲ ಅತ್ತಿತು. ಅಷ್ಟು ಒಳ್ಳೆಯ ಸದ್ದನ್ನು ನಾನು ಆಮೇಲೆ ಎಲ್ಲೂ ಕೇಳಿಲ್ಲ. ಅತ್ತೆ ಕೈ ಚಾಚಿ ಅದನ್ನು ತೆಗೆದುಕೊಂಡಳು.

ಅತ್ತೆ, ಮಗು ಹುಳದ ಮನೆಯಲ್ಲೇ ಉಳಿದರು. ಅಜ್ಜಿ ಅದನ್ನು ಮಾತಿನಲ್ಲಿ ಹೇಳಿದ್ದಿಲ್ಲ, ತೊಟ್ಟಿಲನ್ನು ತಂದು ಅಲ್ಲಿ ತೂಗುಹಾಕಿದಳು ಅಷ್ಟೇ. ಸುದ್ದಿ ಊರೆಲ್ಲ ಹರಡಿತು. ಎದುರು ಮನೆಯ ಕೆಂಪಮ್ಮ, ಅಜ್ಜಿಯ ಓರಗೆಯವಳು, ಮಗು ನೋಡುವ ನೆಪದಲ್ಲಿ ಬಂದು ಹೊಸಿಲ ಆಚೆಯೇ ನಿಂತು ತಟ್ಟೆಗಳನ್ನು ನೋಡಿಹೋದಳು. ಹುಳುಗಳು ಚೆನ್ನಾಗಿಯೇ ಇದ್ದವು. ಆದರೆ ಗೂಡು ಕಟ್ಟುವ ಕಾಲ ಹತ್ತಿರವಾದಾಗ, ಒಂದು ಬೆಳಿಗ್ಗೆ, ಬಾಗಿಲ ಕಡೆಯ ತಟ್ಟೆಯ ಹುಳುಗಳೆಲ್ಲ ಮೆತ್ತಗಾಗಿ ಕಪ್ಪು ತಿರುಗಿ ಸತ್ತಿದ್ದವು. ಮೊದಲು ಕಂಡವಳು ಅಮ್ಮ. ಅವಳು ಬಾಗಿಲಲ್ಲೇ ನಿಂತುಬಿಟ್ಟಳು. ಚಾಪೆಯ ಮೇಲೆ ಕುಳಿತಿದ್ದ ಅತ್ತೆ ಮಗುವನ್ನು ಎದೆಗೊತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಮನೆಯಲ್ಲಿ ಎಲ್ಲರೂ ಮೈಲಿಗೆ ಎಂಬ ಒಂದೇ ಮಾತಿಗಾಗಿ ಕಾಯುತ್ತಿದ್ದೆವು. ಅಜ್ಜಿ ಬಂದು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಬೆರಳಲ್ಲಿ ಒಂದೆರಡು ಹುಳು ಹೊರಳಿಸಿದಳು. ಮೂಸಿ ನೋಡಿದಳು. ಮುಖದಲ್ಲಿ ಏನೂ ತಿಳಿಯಲಿಲ್ಲ. ತಟ್ಟೆಯನ್ನು ಎತ್ತಿಕೊಂಡು ಬೀದಿ ದಾಟಿ ತಿಪ್ಪೆಯ ಕಡೆ ಹೋದಳು. ನಾನು ಹಿಂದೆ ಹೋದೆ.

ಕೆಂಪಮ್ಮ ತನ್ನ ಜಗಲಿಯಿಂದ ಇಳಿದು ಬಂದಳು. ಸತ್ತ ಹುಳುಗಳನ್ನು ನೋಡಿದಳು. ಹುಳದ ಮನೆಗೆ ಬಾಣಂತಿಯನ್ನು ಬಿಟ್ಟುಕೊಂಡದ್ದಕ್ಕೇ ಹೀಗಾಯಿತಲ್ಲವೇ ಎಂದು, ಮರುಕದ ದನಿಯಲ್ಲೇ ಕೇಳಿದಳು. ಅಜ್ಜಿ ತಟ್ಟೆ ಮಗುಚಿ, ಕೊಡವಿ, ಸತ್ತ ಹುಳುಗಳ ಮೇಲೆ ಕಾಲಿನಿಂದ ಬೂದಿ ಎಳೆದಳು. ಸೊಂಟಕ್ಕೆ ಕೈಕೊಟ್ಟು ನೆಟ್ಟಗಾದಳು. ಹೊತ್ತು ಏರಿರಲಿಲ್ಲ, ಆದರೂ ನೆಲ ಆಗಲೇ ಕಾಯತೊಡಗಿತ್ತು.

"ಬಿಸ್ಲಿಗೆ ಕಣವ್ವ," ಅಂದಳು. "ಬಾಗ್ಲ ತಾವ ಇಟ್ಟಿದ್ದೆ, ಝಳ ಹೊಡೀತು."

ಮನೆಗೆ ಬಂದು ಕೈಕಾಲು ತೊಳೆದಳು. ಅಮ್ಮ ಇನ್ನೂ ಹುಳದ ಮನೆಯ ಬಾಗಿಲಲ್ಲೇ ನಿಂತಿದ್ದಳು. ಅಜ್ಜಿ ಅವಳ ಮುಖ ನೋಡದೆ, ತೋಟದಿಂದ ಬಂದಿದ್ದ ಸೊಪ್ಪಿನ ಬುಟ್ಟಿಯನ್ನು ಅವಳ ಕಡೆ ನೂಕಿದಳು.

"ನಿಂತ್ಕಂಡ್ರೆ ಆಯ್ತದಾ ಲಕ್ಷ್ಮಿ? ಹಸ್ದವೆ, ಸೊಪ್ಪು ಹಾಕು."

ಅಮ್ಮ ಬುಟ್ಟಿ ಎತ್ತಿಕೊಂಡಳು. ಅಷ್ಟು ದಿನ ಒಂದು ಹನಿ ಕಣ್ಣೀರು ಹಾಕದವಳು, ಎಲೆ ಹರಡುತ್ತ ಹರಡುತ್ತ ಸದ್ದಿಲ್ಲದೆ ಅಳತೊಡಗಿದಳು. ಅಜ್ಜಿ ಕಂಡರೂ ಕಾಣದವಳ ಹಾಗೆ ಪಕ್ಕದ ತಟ್ಟೆಗೆ ನಿಂತು ತಾನೂ ಸೊಪ್ಪು ಹಾಕತೊಡಗಿದಳು.